ಮದ್ದು ತಂದ ಮಧುಮೇಹ: ಕಾರಣ ಮತ್ತು ಹೊಣೆ

ಒಂದು ರೋಗಕ್ಕೆ ಕೊಟ್ಟ ಮದ್ದು ಇನ್ನೊಂದು ರೋಗವನ್ನು ತಂದರೆ ಹೊಣೆ ಯಾರದು? ಸ್ಟೀರಾಯ್ಡ್‌ನಿಂದ ಬರುವ ಮಧುಮೇಹ ಈ ಪ್ರಶ್ನೆಯನ್ನು ಎತ್ತುತ್ತದೆ. ಉರಿಯೂತ ತಗ್ಗಿಸುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಔಷಧಗಳು ಯಕೃತ್ತಿನಿಂದ ಹೆಚ್ಚು ಗ್ಲೂಕೋಸ್ ಹೊರಬರುವಂತೆ ಮಾಡುತ್ತವೆ, ಇನ್ಸುಲಿನ್ನಿನ ಕೆಲಸವನ್ನೂ ಕುಂದಿಸುತ್ತವೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ಸ್ಟೀರಾಯ್ಡ್ ಅನೇಕರ ಜೀವ ಉಳಿಸಿತು. ಹಾಗೆ ಉಳಿದವರಲ್ಲೇ ಕೆಲವರಿಗೆ ಸಕ್ಕರೆ ಏರಿ ಕಪ್ಪು ಶಿಲೀಂಧ್ರ ತಗುಲಿತು. ಆ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು.

ಇಟ್ಟಿಗೆ, ಹೆಂಚಿಗೆ ಹೆಸರಾದ ಮಾಲೂರಿನಲ್ಲಿ ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗುವ ಕಾರ್ಮಿಕನೊಬ್ಬನಿಗೆ ಶುಗರ್ ಬಂದರೆ, ಸುತ್ತಲಿನವರು ‘ಬಾಯಿ ಕಟ್ಟಲಿಲ್ಲ’ ಎನ್ನುತ್ತಾರೆ, ಇಲ್ಲವೇ ‘ಅವನ ಕರ್ಮ’ ಎನ್ನುತ್ತಾರೆ. ಎರಡು ಮಾತೂ ತಪ್ಪನ್ನು ರೋಗಿಯ ತಲೆಗೇ ಕಟ್ಟುತ್ತವೆ. ಇದು ಅನ್ಯಾಯ.

ಅಮೆರಿಕದ ಆಸ್ಪತ್ರೆಗಳು 2015ರ ಅಕ್ಟೋಬರ್‌ನಿಂದ ಬಳಸುವ, ಬೆಂಗಳೂರಿನ ಮೆಡಿಕಲ್ ಕೋಡರ್‌ಗಳಿಗೂ ಪರಿಚಿತವಾದ ಐಸಿಡಿ-10-ಸಿಎಂ ಎಂಬ ರೋಗಸಂಕೇತಗಳ ಪಟ್ಟಿ ಇಲ್ಲಿ ಹೆಚ್ಚು ವಿವೇಕ ತೋರುತ್ತದೆ. ಔಷಧಜನ್ಯ ಮಧುಮೇಹಕ್ಕೆ ಅಲ್ಲಿ ಇ09 ಎಂಬ ಪ್ರತ್ಯೇಕ ಸಂಕೇತವಿದೆ. ಮದ್ದನ್ನು ಸರಿಯಾಗಿ ಬರೆದು, ಸರಿಯಾಗಿ ಸೇವಿಸಿದ್ದರೆ ಮೊದಲು ಇ09, ಬಳಿಕ ಸ್ಟೀರಾಯ್ಡ್‌ನ ಅಡ್ಡಪರಿಣಾಮ ಸೂಚಿಸುವ ಟಿ38.0ಎಕ್ಸ್5. ಪ್ರಮಾಣ ತಪ್ಪಿದ್ದರೆ ಅದು ವಿಷಪ್ರಾಶನ, ಆಗ ಟಿ38.0ಎಕ್ಸ್1 ಮೊದಲು ಬರುತ್ತದೆ. ತಪ್ಪಿದ್ದು ಬರೆದ ವೈದ್ಯರೋ ನುಂಗಿದ ರೋಗಿಯೋ ಎಂಬುದನ್ನು ಆ ಸಂಕೇತ ಹೇಳುವುದಿಲ್ಲ. ಕಾರಣವನ್ನು ದಾಖಲಿಸುವುದಷ್ಟೇ ಅದರ ಕೆಲಸ.

ಹೊಣೆಯನ್ನು ಅಳೆಯಲು ಬೇರೆ ಮಾನದಂಡ ಬೇಕು. ಜೈನಾಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಅದು ಸಿಗುತ್ತದೆ: ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಆದ ಪ್ರಾಣಹಾನಿಯೇ ಹಿಂಸೆ. ಹಾಗಾದರೆ ಉಬ್ಬಸ ಕೆರಳಿದಾಗ ಸ್ಟೀರಾಯ್ಡ್ ಕೊಡುವುದು ತಪ್ಪಲ್ಲ. ಕೊಟ್ಟ ಮೇಲೆ ಸಕ್ಕರೆಯ ಕಡೆ ಕಣ್ಣು ಹಾಯಿಸದಿರುವುದು ತಪ್ಪು.

ಆ ಎಚ್ಚರ ಹೇಗಿರಬೇಕೆಂದು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳುತ್ತದೆ. ಬೆಳಗ್ಗೆ ಪ್ರೆಡ್ನಿಸೊಲೋನ್ ತೆಗೆದುಕೊಂಡವರಿಗೆ ಸಕ್ಕರೆ ಏರುವುದು ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯ ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣಬಹುದು. ಊಟದ ನಂತರದ ರಕ್ತಪರೀಕ್ಷೆಯೇ ನಿಜ ಹೇಳುತ್ತದೆ. ಏರಿಕೆ ಹೆಚ್ಚಿದ್ದರೆ ಬೆಳಗಿನ ಮಾತ್ರೆಯೊಂದಿಗೆ ಎನ್‌ಪಿಎಚ್ ಎಂಬ ಬಗೆಯ ಇನ್ಸುಲಿನ್ ಕೊಡುವ ಪದ್ಧತಿಯಿದೆ, ಎರಡರ ಪ್ರಭಾವದ ಅವಧಿ ಹೆಚ್ಚುಕಡಿಮೆ ಹೊಂದುವುದರಿಂದ. ಶುಗರ್‌ಗೆ ಹೆದರಿ, ಬಹುದಿನ ನುಂಗಿದ ಮಾತ್ರೆಯನ್ನು ಥಟ್ಟನೆ ಬಿಡುವುದು ಪ್ರಾಣಕ್ಕೇ ಅಪಾಯ. ಅಡ್ರಿನಲ್ ಗ್ರಂಥಿ ಆಗ ತನ್ನ ಕೆಲಸ ಮರೆತಿರುತ್ತದೆ. ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ಇಳಿಸಿದಂತೆ ಇನ್ಸುಲಿನ್ನನ್ನೂ ಇಳಿಸಬೇಕು, ಇಲ್ಲದಿದ್ದರೆ ಸಕ್ಕರೆ ಕುಸಿಯುತ್ತದೆ. ಸ್ಟೀರಾಯ್ಡ್ ನಿಂತ ಮೇಲೆ ಅನೇಕರಲ್ಲಿ ಮಧುಮೇಹವೂ ಹಿಂದೆ ಸರಿಯುತ್ತದೆ. ಮುಂದೆ ಮರಳುವ ಸಂಭವ ಇರುವುದರಿಂದ ವರ್ಷಕ್ಕೊಮ್ಮೆ ಪರೀಕ್ಷೆ ಬೇಕು.