ಗೆರೆಯ ಅಗಲ

ಮನುಷ್ಯರು ಪರಸ್ಪರ ಒಪ್ಪಿಗೆಯಿಂದ ಎಳೆದುಕೊಂಡ ಎಲ್ಲೆಗೆ ನಿಜವಾದ ಇರವು ಉಂಟೇ, ಇದ್ದರೆ ಅದು ಯಾವ ಬಗೆಯದು ಎಂಬ ಪ್ರಶ್ನೆಯನ್ನು ರಾಜ್ಯಗಳ ಗಡಿ, ಹೊಲದ ಮೇರೆ ಮೊದಲಾದವುಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ವಾಡಿಕೆ. ಆದರೆ ಅಲ್ಲಿ ಭಯ, ಅಧಿಕಾರ, ಲಾಭಗಳು ಬೆರೆತುಕೊಳ್ಳುವುದರಿಂದ ಎಲ್ಲೆಯ ಸ್ವರೂಪವನ್ನಷ್ಟೇ ಬಿಡಿಸಿ ನೋಡುವುದು ಕಷ್ಟವಾಗುತ್ತದೆ. ಫುಟ್‌ಬಾಲ್ ಅಂಕಣದ ಬಿಳಿಯ ಗೆರೆಗಳು ಈ ವಿಚಾರಕ್ಕೆ ಹೆಚ್ಚು ತಕ್ಕವು, ಏಕೆಂದರೆ ಅವುಗಳಿಗೆ ಒಪ್ಪಂದವಲ್ಲದೆ ಬೇರೆ ಆಧಾರವಿಲ್ಲ.

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ತನ್ನ ಮೊದಲ ನಿಯಮಾವಳಿಯನ್ನು ರೂಪಿಸಿದಾಗ, ಅಂಕಣದ ಉದ್ದ 200 ಗಜವನ್ನೂ ಅಗಲ 100 ಗಜವನ್ನೂ ಮೀರಬಾರದೆಂದು ಹೇಳಿ, ಮೇರೆಗಳನ್ನು ಬಾವುಟಗಳಿಂದ ಗುರುತಿಸಬೇಕೆಂದಷ್ಟೇ ವಿಧಿಸಿತ್ತು. ಪೆನಾಲ್ಟಿ ಆವರಣ ಇಂದಿನ ಆಯತರೂಪಕ್ಕೆ ಬಂದದ್ದು 1902ರಲ್ಲಿ, ಅದರ ಹೊರಗಿನ ಕಮಾನು ಸೇರಿದ್ದು 1937ರಲ್ಲಿ. ಇಂದಿಗೂ ಅಂಕಣದ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ನಡುವೆ ಎಷ್ಟಾದರೂ ಇರಬಹುದಾದರೂ, ಗೋಲುಕಂಬಗಳ ನಡುವಿನ 7.32 ಮೀಟರ್ ಅಂತರವಾಗಲಿ, ಗೋಲಿನಿಂದ 11 ಮೀಟರ್ ದೂರದ ಪೆನಾಲ್ಟಿ ಚುಕ್ಕೆಯಾಗಲಿ ಕದಲುವಂತಿಲ್ಲ. ಈ ಅಂಕಿಗಳನ್ನು ನಿಸರ್ಗ ಸಮರ್ಥಿಸುವುದಿಲ್ಲ. ಅವು 8 ಮತ್ತು 12 ಗಜಗಳ ಮೀಟರ್ ರೂಪಗಳು, ಅಷ್ಟೆ.

ಯೂಕ್ಲಿಡ್ ರೇಖೆಯನ್ನು ಅಗಲವಿಲ್ಲದ ಉದ್ದವೆಂದು ನಿರೂಪಿಸಿದ. ಬಿಳಿಯ ಕಾಗದದ ಮೇಲೆ ಕಪ್ಪು ಮಸಿ ಬಿದ್ದಾಗ ಅವೆರಡರ ನಡುವಿನ ಅಂಚು ಕಪ್ಪೋ ಬಿಳಿಯೋ ಎಂದು ಅಮೆರಿಕದ ತತ್ತ್ವಜ್ಞ ಚಾರ್ಲ್ಸ್ ಪರ್ಸ್ ಕೇಳಿದ್ದು ಇಂಥ ರೇಖೆಯ ತೊಡಕನ್ನೇ. ಫುಟ್‌ಬಾಲ್ ನಿಯಮ ಈ ತೊಡಕನ್ನು ನೇರವಾಗಿ ಎದುರಿಸುತ್ತದೆ: ಗೆರೆಗೆ 12 ಸೆಂಟಿಮೀಟರ್ ಮೀರದ ಅಗಲವನ್ನು ಕೊಟ್ಟು, ಆ ಅಗಲವು ಗೆರೆ ಸುತ್ತುವರಿದ ಆವರಣಕ್ಕೇ ಸೇರಿದ್ದೆಂದು ವಿಧಿಸುತ್ತದೆ. ಆದ್ದರಿಂದಲೇ ಪೆನಾಲ್ಟಿ ಆವರಣದ ಗೆರೆಯ ಮೇಲೆ ನಡೆದ ತಪ್ಪು ಒಳಗೆ ನಡೆದ ತಪ್ಪೇ ಆಗುತ್ತದೆ, ಚೆಂಡು ಪೂರ್ತಿಯಾಗಿ ಗೆರೆ ದಾಟುವವರೆಗೂ ಆಟದಲ್ಲೇ ಇರುತ್ತದೆ. ಎರಡು ಅರ್ಧಗಳೂ ತಮ್ಮದೆನ್ನಬಹುದಾದ ಮಧ್ಯರೇಖೆಯ ವಿಷಯದಲ್ಲಿ ನಿಯಮದ ಎಚ್ಚರ ವಿಶೇಷವಾಗಿ ಮೆಚ್ಚತಕ್ಕದ್ದು. ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತ ಮುಂದೆ ನಿಂತು ಅನುಚಿತ ಲಾಭ ಪಡೆಯುವುದನ್ನು ತಡೆಯುವ ಆಫ್‌ಸೈಡ್ ನಿಯಮವು, ಆ ಅರ್ಧವನ್ನು ಎಣಿಸುವಾಗ ಮಧ್ಯರೇಖೆಯನ್ನು ಬಿಟ್ಟೇ ಎಣಿಸಬೇಕೆನ್ನುತ್ತದೆ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಜಪಾನಿನ ಎರಡನೆಯ ಗೋಲಿಗೆ ಮುನ್ನ, ನೆಲವನ್ನು ಮುಟ್ಟುವ ಚೆಂಡಿನ ತಳ ಗೆರೆಯಾಚೆ ಇದ್ದರೂ ಅದರ ಉಬ್ಬಿನ ಸ್ವಲ್ಪ ಭಾಗ ಗೆರೆಯ ಮೇಲಿನ ಆಕಾಶದಲ್ಲಿ ಉಳಿದಿತ್ತೆಂಬ ಕಾರಣಕ್ಕೆ ಗೋಲು ಊರ್ಜಿತವಾಯಿತು. ಗೆರೆ ಬಣ್ಣ ಬಳಿದ ಹುಲ್ಲಷ್ಟೇ ಅಲ್ಲ, ಅದರಿಂದ ಮೇಲಕ್ಕೆದ್ದ ಕಾಣದ ಗೋಡೆಯೂ ಹೌದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಆಕಾಶಕ್ಕೆ ಹೀಗೆ ಎಲ್ಲೆ ಕಟ್ಟುವುದನ್ನು ಅದ್ವೈತಿಗಳು ಬಹುಕಾಲದಿಂದ ವಿಚಾರಿಸಿದ್ದಾರೆ. ಗಡಿಗೆಯೊಳಗಿನ ಆಕಾಶ, ಅಂದರೆ ಘಟಾಕಾಶ, ಹೊರಗಿನ ಮಹಾಕಾಶದಿಂದ ಬೇರೆಯೆಂದು ತೋರುವುದು ಗಡಿಗೆಯೆಂಬ ಉಪಾಧಿಯಿಂದ, ಎಂದರೆ ಭೇದವನ್ನು ತೋರಿಸುವ ನಿಮಿತ್ತದಿಂದ; ಹೆಸರು, ರೂಪ, ಕಾರ್ಯಗಳು ಬೇರೆಯಾದರೂ ಆಕಾಶದಲ್ಲಿ ಭೇದವಿಲ್ಲವೆಂಬುದು ಗೌಡಪಾದರ ನಿಲುವು. ಅಂಕಣದ ಒಳಹೊರಗಿನ ನೆಲವೂ ಹಾಗೆಯೇ ಒಂದೇ. ಹಾಗೆಂದು ಗೆರೆಯನ್ನು ಭ್ರಮೆಯೆಂದು ತಳ್ಳಿಹಾಕುವುದು ಅದ್ವೈತಕ್ಕೂ ಸಮ್ಮತವಲ್ಲ. ಹಗ್ಗದಲ್ಲಿ ಕಂಡ ಹಾವಿನಂತೆ ಸರಿಯಾಗಿ ನೋಡಿದೊಡನೆ ಇಲ್ಲವಾಗುವುದು ಪ್ರಾತಿಭಾಸಿಕ. ಎಲ್ಲರಿಗೂ ಸಮಾನವಾಗಿ ಒದಗಿ ಬಾಳಿನ ವ್ಯವಹಾರವನ್ನು ನಡೆಸುವುದು ವ್ಯಾವಹಾರಿಕ. ಗೆರೆ ಈ ಎರಡನೆಯ ವರ್ಗಕ್ಕೆ ಸೇರಿದ್ದು, ಎಷ್ಟು ಹತ್ತಿರದಿಂದ ನೋಡಿದರೂ ಅದು ಕರಗುವುದಿಲ್ಲ.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ: ಗೆರೆ ಒಪ್ಪಂದದಿಂದ ಹುಟ್ಟಿದ್ದಾದರೆ ಅದನ್ನು ಆಧರಿಸಿದ ಸಂಗತಿಗಳೂ ಒಪ್ಪಂದದವೇ ಅಲ್ಲವೇ? 1966ರ ವಿಶ್ವಕಪ್ ಫೈನಲ್ ಇದಕ್ಕೆ ಉತ್ತರ ಕೊಡುತ್ತದೆ. ವೆಂಬ್ಲಿಯಲ್ಲಿ ಜೆಫ್ ಹರ್ಸ್ಟ್ ಒದ್ದ ಚೆಂಡು ಅಡ್ಡಪಟ್ಟಿಗೆ ತಾಗಿ ಕೆಳಗೆ ಪುಟಿದಾಗ, ಲೈನ್ಸ್‌ಮನ್ ತೋಫಿಕ್ ಬಹ್ರಾಮೊವ್ ಅವರ ಅಭಿಪ್ರಾಯದಂತೆ ರೆಫರಿ ಗೋಲು ಕೊಟ್ಟರು. ಪಶ್ಚಿಮ ಜರ್ಮನಿಯ ವಿರುದ್ಧ ಇಂಗ್ಲೆಂಡ್ 4–2ರಿಂದ ಗೆದ್ದಿತು. ಗೋಲು ಎಂಬುದು ರೆಫರಿಯ ಮಾತಿನಿಂದಲೇ ಆಗುವಂಥದ್ದಾಗಿದ್ದರೆ ಚೆಂಡು ಗೆರೆ ದಾಟಿತ್ತೇ ಎಂಬ ವಿವಾದ ಅಂದೇ ಮುಗಿಯಬೇಕಿತ್ತು. ಅದು ಮುಗಿಯಲಿಲ್ಲ, ಏಕೆಂದರೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಮಾತ್ರ ಮನುಷ್ಯರ ಇಚ್ಛೆಗೆ ಬಿಟ್ಟದ್ದು. ಎಳೆದ ಮೇಲೆ ಚೆಂಡು ಅದನ್ನು ದಾಟಿತೋ ಇಲ್ಲವೋ ಎಂಬುದು ಯಾರ ಇಚ್ಛೆಗೂ, ಯಾರ ಅಧಿಕಾರಕ್ಕೂ ಒಳಪಡುವುದಿಲ್ಲ. ನಿಯಮಗಳನ್ನು ನಿರ್ಧರಿಸುವ ಅಂತರರಾಷ್ಟ್ರೀಯ ಮಂಡಳಿ 2012ರಲ್ಲಿ ಗೋಲುರೇಖೆಯ ಮೇಲೆ ಯಂತ್ರಗಳ ಕಾವಲಿಗೆ ಒಪ್ಪಿದಾಗ, ರೆಫರಿಯ ತೀರ್ಪಿನಿಂದ ಸ್ವತಂತ್ರವಾದ ಇಂಥದೊಂದು ಸಂಗತಿ ಇದೆಯೆಂಬುದನ್ನೇ ಅದು ಒಪ್ಪಿಕೊಂಡಂತಾಯಿತು.