ಬಿಸಿನೆಲದ ಕಡಲಂಚಿನಲ್ಲಿ ಮನೆಯ ಕೊಳೆನೀರು: ಒಂದು ಅಧಿಕರಣ

ವಿಷಯ

ಹವಾಯಿ ದ್ವೀಪದ ಪೂರ್ವದಲ್ಲಿ ಪುನಾ ಎಂಬ ಸೀಮೆಯಿದೆ. ಕಿಲಾವೆಯ ಅಗ್ನಿಪರ್ವತದ ಬಿರುಕುವಲಯ ಇದರ ಅಡಿಯಲ್ಲೇ ಹಾದು ಕಡಲಿಗೆ ಇಳಿಯುತ್ತದೆ. ಅದರ ಕಾವಿನಿಂದ ವಿದ್ಯುತ್ ತೆಗೆಯುವ ಸ್ಥಾವರ ಇಲ್ಲಿ 1993ರಲ್ಲಿ ಶುರುವಾಯಿತು. ದಡದ ಕೆಲವು ಹೊಂಡಗಳ ನೀರು ಬೆಚ್ಚಗಿರುತ್ತದೆ, ತುಸು ಉಪ್ಪಾಗಿಯೂ ಇರುತ್ತದೆ. ಊರ ಚರಂಡಿ ಇಲ್ಲದ ಕಡೆ ಮನೆಯ ಕೊಳೆನೀರು ಹಿತ್ತಲಲ್ಲೇ ಇಂಗಬೇಕು. ಹವಾಯಿ ರಾಜ್ಯದಲ್ಲಿ ಸುಮಾರು 83,000 ಮಲಗುಂಡಿಗಳಿವೆ ಎಂದು ಸರ್ಕಾರದ ಲೆಕ್ಕ. ಇವು ದಿನಕ್ಕೆ 5.3 ಕೋಟಿ ಗ್ಯಾಲನ್ ಕೊಳೆನೀರನ್ನು ಹಾಗೆಯೇ ನೆಲಕ್ಕೆ ಬಿಡುತ್ತವೆ. 2016ರಲ್ಲಿ ಹೊಸ ಗುಂಡಿ ನಿಷೇಧವಾಯಿತು. ಇರುವವನ್ನು 2050ರೊಳಗೆ ಬದಲಿಸಬೇಕೆಂದು 2017ರ ಕಾಯ್ದೆ ಹೇಳಿತು.

ಸಂಶಯ

ಇಂಥಲ್ಲಿ ನೀರನ್ನು ಶುದ್ಧಿ ಮಾಡುವ ಕೆಲಸವನ್ನು ನೆಲಕ್ಕೇ ವಹಿಸಬಹುದೋ, ನೆಲಕ್ಕೆ ಬಿಡುವ ಮುನ್ನವೇ ಅದನ್ನು ಮುಗಿಸಬೇಕೋ?

ಪೂರ್ವಪಕ್ಷ

ನೆಲಕ್ಕೇ ವಹಿಸಬಹುದು ಎನ್ನುವವರು ಮೂರು ಕಾರಣ ಕೊಡುತ್ತಾರೆ. ಒಂದು, ಬಿಸಿಗೆ ರೋಗಾಣು ಸಾಯುತ್ತವೆ. ಎರಡು, ಲಾವಾಬಂಡೆ ಎಷ್ಟು ನೀರು ಸುರಿದರೂ ಕುಡಿಯುತ್ತದೆ. ಗುಂಡಿ ತುಂಬಿ ಹರಿದದ್ದೇ ಇಲ್ಲ. ಮೂರು, ಪಕ್ಕದಲ್ಲೇ ಸಾಗರವಿದೆ. ಒಂದು ಮನೆಯ ನೀರು ಅದರಲ್ಲಿ ಯಾವ ಲೆಕ್ಕ?

ಉತ್ತರಪಕ್ಷ

ಮೊದಲು ಬಿಸಿಯ ಮಾತು. ಕೊಳೆನೀರಿನ ಗಸಿಯನ್ನು ಮುಚ್ಚಿದ ಪಾತ್ರೆಯಲ್ಲಿ ಗೊಬ್ಬರ ಮಾಡುವಾಗ ರೋಗಾಣು ಸಾಯಬೇಕಾದರೆ 55 ಡಿಗ್ರಿ ಸೆಲ್ಸಿಯಸ್ ಕಾವು 3 ದಿನ ನಿಲ್ಲಬೇಕೆಂಬುದು ಅಮೆರಿಕದ ನಿಯಮ. ಪುನಾ ದಡದ ಅಹಲನುಯಿ ಕೊಳ 2018ರಲ್ಲಿ ಲಾವಾದಡಿ ಹೂತುಹೋಗುವ ಮುನ್ನ ಜನ ಈಜುತ್ತಿದ್ದ ಅದರ ನೀರು ಸುಮಾರು 32 ಡಿಗ್ರಿ ಇರುತ್ತಿತ್ತು. ನಮ್ಮ ಕರುಳಿನ ಕಾವು 37. ಕರುಳಿನ ಬ್ಯಾಕ್ಟೀರಿಯಾಕ್ಕೆ ಅಂಥ ನೀರು ಮಸಣವಲ್ಲ, ಹೆಚ್ಚುಕಡಿಮೆ ತವರು.

ಎರಡನೆಯದು ಇನ್ನೂ ದೊಡ್ಡ ಭ್ರಮೆ. ನೀರು ಕಣ್ಮರೆಯಾದರೆ ಶುದ್ಧವಾಯಿತು ಎಂದಲ್ಲ. ಶುದ್ಧಿ ನಡೆಯುವುದು ಗಾಳಿಯಾಡುವ ಒಣಮಣ್ಣಿನಲ್ಲಿ. ನೀರು ಕಣದಿಂದ ಕಣಕ್ಕೆ ನಿಧಾನವಾಗಿ ಜಿನುಗುವಾಗ. ಅದಕ್ಕೆಂದೇ ಇಂಗುಜಾಗದ ತಳಕ್ಕೂ ಅಂತರ್ಜಲಕ್ಕೂ ನಡುವೆ 3 ಅಡಿ ಅಂತರ ಕೇಳುತ್ತಾರೆ. ಎಳೆಯ ಲಾವಾದಲ್ಲಿ ಮಣ್ಣೇ ಇಲ್ಲ, ಬಿರುಕಿದೆ, ಟೊಳ್ಳು ಸುರಂಗವಿದೆ. ಸೋಸದ ಜರಡಿ ಎಷ್ಟು ಬೇಗ ಸುರಿದರೇನು?

ಮೂರನೆಯದಕ್ಕೆ ಉತ್ತರ ಉಬ್ಬರದಲ್ಲಿದೆ. ದಡದ ಅಂತರ್ಜಲ ಕಡಲನೀರಿನ ಮೇಲೆ ತೇಲುವ ತೆಳು ಪದರ. ಉಬ್ಬರ ಬಂದರೆ ಅದೂ ಏರಿ ಗುಂಡಿಯನ್ನು ತಳದಿಂದ ಮುಟ್ಟುತ್ತದೆ, ಇಳಿತದಲ್ಲಿ ಕೊಳೆಯನ್ನು ಹೊತ್ತು ಹೊರಗೆ ಹೋಗುತ್ತದೆ. ಹೋಗುವುದು ನಡುಗಡಲಿಗಲ್ಲ, ಮಕ್ಕಳು ಆಡುವ ದಡದ ಹೊಂಡಕ್ಕೆ, ಹವಳದ ಬುಡಕ್ಕೆ. ಅಲ್ಲಿ ಸಾರಜನಕ ಪಾಚಿಗೆ ಗೊಬ್ಬರ.

ಸಿದ್ಧಾಂತ

ಆದ್ದರಿಂದ ನೆಲವನ್ನು ಕಡೆಯ ಮೆಟ್ಟಿಲು ಎಂದಿಟ್ಟುಕೊಂಡು ವಿನ್ಯಾಸ ಮಾಡಬೇಕು; ಮೊದಲ ಮೆಟ್ಟಿಲೆಂದಲ್ಲ. ಮುಚ್ಚಿದ ಟ್ಯಾಂಕಿನಲ್ಲಿ ಗಸಿ ಕೂರಬೇಕು, ಗಾಳಿಯೂದುವ ಅಂಕಣದಲ್ಲಿ ಕೊಳೆ ಕರಗಬೇಕು, ಆಮೇಲೆ ಹೊರಗಿನಿಂದ ತಂದ ಮರಳು-ಮಣ್ಣಿನ ಎತ್ತರಿಸಿದ ದಿಣ್ಣೆಗೆ ಪಂಪು ಸ್ವಲ್ಪಸ್ವಲ್ಪವೇ ನೀರುಣಿಸಬೇಕು. ಕಾವಿಗೆ ಲೆಕ್ಕ ಬದಲಾಗುತ್ತದೆ: ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35ರಲ್ಲಿ 7ನ್ನಷ್ಟೇ ಹಿಡಿಯುತ್ತದೆ. ಅತ್ತ ಕೊಳೆ ತಿನ್ನುವ ಬ್ಯಾಕ್ಟೀರಿಯಾದ ಹಸಿವು ಹೆಚ್ಚು, ಇತ್ತ ಉಸಿರು ಕಡಿಮೆ, ಊದುಯಂತ್ರ ದೊಡ್ಡದಿರಬೇಕು. ಗಸಿ ಬೇಗ ಕೊಳೆಯುವುದು ಒಳ್ಳೆಯದೇ, ಆದರೆ ಏಳುವ ಗುಳ್ಳೆ ಗಸಿಯನ್ನೂ ಎಬ್ಬಿಸುತ್ತದೆ. ಹೊರದಾರಿಗೆ ಸೋಸುಜಾಲರಿ ಬೇಕೇಬೇಕು.

ನಿಜವಾದ ಪೇಚು ಟ್ಯಾಂಕಿನದು. ಒಳಗೆ ಜಿನುಗುವ ಉಪ್ಪುನೀರಿನ ಸಲ್ಫೇಟಿನಿಂದ ಹೈಡ್ರೋಜನ್ ಸಲ್ಫೈಡ್ ಹುಟ್ಟಿ, ಮುಚ್ಚಳದ ಒಳಮೈಯ ತೇವದಲ್ಲಿ ಸಲ್ಫ್ಯೂರಿಕ್ ಆಮ್ಲವಾಗಿ, ಕಾಂಕ್ರೀಟನ್ನು ಒದ್ದೆ ಸುಣ್ಣದಂತೆ ಉದುರಿಸುತ್ತದೆ. ಹಾಗೆಂದು ಫೈಬರ್ ಟ್ಯಾಂಕ್ ಇಟ್ಟರೆ ಅದು ಹಗುರ. ಖಾಲಿ ಬಿಂದಿಗೆಯನ್ನು ತುಂಬಿದ ತೊಟ್ಟಿಯಲ್ಲಿ ಅದುಮಿ ನೋಡಿ, ಅಂಗೈಯನ್ನೇ ಮೇಲಕ್ಕೆ ನೂಕುತ್ತದೆ. 1,000 ಗ್ಯಾಲನ್ನಿನ ಟ್ಯಾಂಕ್ ಖಾಲಿಯಾದಾಗ ಅಂತರ್ಜಲ ಸುತ್ತುವರಿದರೆ ಹಾಗೆ ನೂಕುವ ಬಲ ಹತ್ತಿರಹತ್ತಿರ 3.8 ಟನ್. ಕೊಳವೆಗಳನ್ನು ಕಿತ್ತುಕೊಂಡು ಟ್ಯಾಂಕ್ ಅಂಗಳದಲ್ಲಿ ತಲೆಯೆತ್ತುತ್ತದೆ. ಪರಿಹಾರ: ಫೈಬರ್ ಟ್ಯಾಂಕನ್ನೇ ಇಟ್ಟು, ಅಡಿಯ ಕಾಂಕ್ರೀಟ್ ಚಪ್ಪಡಿಗೆ ತುಕ್ಕುಹಿಡಿಯದ ಪಟ್ಟಿಯಿಂದ ಬಿಗಿಯುವುದು, ಗಸಿ ತೆಗೆಸುವುದನ್ನು ಇಳಿತದ ಹೊತ್ತಿಗೇ ಇಟ್ಟುಕೊಂಡು, ಕೂಡಲೇ ನೀರು ತುಂಬುವುದು. ಮುಚ್ಚಳ ತೆಗೆದ ಟ್ಯಾಂಕಿಗೆ ಯಾರೂ ಇಳಿಯಬಾರದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ.

ಮತ್ತೆರಡು ಆಕ್ಷೇಪ

‘ಹವಾಯಿಯ ಮಣ್ಣಿನಲ್ಲೇ ಕರುಳಿನ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹೊಂಡದ ನೀರಲ್ಲಿ ಸಿಕ್ಕರೆ ಮಲಗುಂಡಿಯದೇ ಎಂದು ಹೇಗೆ ಹೇಳುತ್ತೀರಿ?’ ಆಕ್ಷೇಪ ಸರಿ. ಉಷ್ಣವಲಯದ ಮಣ್ಣಿನಲ್ಲಿ ಅವು ಬೆಳೆಯುತ್ತವೆಂದು ಹವಾಯಿಯ ಸಂಶೋಧಕರೇ ತೋರಿಸಿದ್ದಾರೆ. ಅದಕ್ಕೇ ಅಲ್ಲಿ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸಾಕ್ಷಿಯನ್ನೂ ಕೇಳುತ್ತಾರೆ. ಆದರೆ ಸಾಕ್ಷಿ ಅನುಮಾನಾಸ್ಪದವಾದರೆ ಪರೀಕ್ಷೆ ಬದಲಾಗಬೇಕು, ಗುಂಡಿ ನಿರ್ದೋಷಿಯಾಗುವುದಿಲ್ಲ.

‘2018ರಲ್ಲಿ ಲಾವಾ 700ಕ್ಕೂ ಹೆಚ್ಚು ಮನೆ ನುಂಗಿತು, ಪುನಾದ ಕಪೋಹೋ ಕೊಲ್ಲಿಯನ್ನೇ ಮುಚ್ಚಿತು. ನಾಳೆ ಹೋಗುವ ನೆಲಕ್ಕೆ ಇಷ್ಟು ಖರ್ಚೇಕೆ?’ ಇದರಲ್ಲಿ ಅರ್ಧ ಒಪ್ಪತಕ್ಕದ್ದು. ಇಲ್ಲಿ ಭಾರಿ ಕಟ್ಟಡ ಜಾಣತನವಲ್ಲ. ಗೊಬ್ಬರದ ಶೌಚಾಲಯವಿಟ್ಟು ಮಲಮೂತ್ರವನ್ನು ನೀರಿಗೇ ಸೇರಿಸದಿದ್ದರೆ ಟ್ಯಾಂಕಿನ ಹೊರೆಯೂ ಇಳಿಯುತ್ತದೆ, ಖರ್ಚೂ ಇಳಿಯುತ್ತದೆ; ನಿವೇಶನಗಳು ಒತ್ತಾಗಿದ್ದರೆ ನಾಲ್ಕಾರು ಮನೆ ಸೇರಿ ಒಂದು ದಿಣ್ಣೆ ಮಾಡಬಹುದು. ಆದರೆ ಮನೆ ಇರುವಷ್ಟು ದಿನ ಅದರ ಕೊಳೆಯೂ ಇರುತ್ತದೆ.

ಫಲ

ಮನೆ ಕಟ್ಟುವವರು ನಕ್ಷೆ ಬರೆಸುವ ಮುನ್ನ ಒಂದು ಕೆಲಸ ಮಾಡಲಿ. ವರ್ಷದ ಅತಿ ದೊಡ್ಡ ಉಬ್ಬರದ ದಿನ ಹಿತ್ತಲಲ್ಲಿ ಪರೀಕ್ಷಾಗುಂಡಿ ತೋಡಿ, ನೀರು ಎಷ್ಟು ಮೇಲೆ ಬಂತು, ಎಷ್ಟು ಬಿಸಿಯಿತ್ತು ಎಂದು ಅಳೆದು ಬರೆದಿಡಲಿ. ಆ ಮಟ್ಟದಿಂದ 3 ಅಡಿ ಮೇಲಕ್ಕೆ ಒಣಮಣ್ಣು ಇಲ್ಲದಿದ್ದರೆ, ಮಾಡಿಕೊಳ್ಳಬೇಕು. ಮಾಡಿಕೊಳ್ಳಲಾಗದಿದ್ದರೆ ಆ ನಿವೇಶನ ಮನೆಗೆ ತಕ್ಕದ್ದಲ್ಲ.