ಇಂದಿನ ಧಮ್ಮಚಿಂತನೆ: ಒಂಟಿ ಸೈಕಲ್ಲು, ಹಿಂದೆ ಕೂತ ಎರಡನೆಯವನು




ಕಳೆದ ವಾರದ ಅಧ್ಯಯನ ಮುಗಿದ ಮೇಲೆ ನಮ್ಮಲ್ಲೊಬ್ಬರು ನನ್ನನ್ನು ಕೇಳಿದರು: "ಅರವತ್ತೆರಡು ವರ್ಷ ಆಯ್ತು, ಇನ್ನೂ ಒಬ್ಬರೇ ಸೈಕಲ್ ಮೇಲೆ ಅಷ್ಟು ದೂರ ಹೋಗ್ತೀರಲ್ಲ, ಇದು ಸಾಧನೆಯೋ, ಹಟವೋ?" ಒಳ್ಳೆಯ ಪ್ರಶ್ನೆ. ನಮ್ಮಲ್ಲಿ ಹಲವರಿಗೆ ಸೈಕಲ್ ಇಲ್ಲದಿರಬಹುದು. ಒಂಟಿತನವಂತೂ ಎಲ್ಲರ ಮನೆಯಲ್ಲೂ ಇದೆ. ಇವತ್ತು ಅದನ್ನೇ ಚಿಂತಿಸೋಣ.

ಹನ್ನೊಂದು ವರ್ಷ ನಾನೂ ನನ್ನ ಗೆಳೆಯನೂ ಭಾನುವಾರ ಬೆಳಗ್ಗೆ ಮೈಸೂರಿನಿಂದ ಹೊರಟು ಇಲವಾಲ, ಬಿಳಿಕೆರೆ ದಾಟಿ ಹುಣಸೂರಿಗೆ ಹೋಗುತ್ತಿದ್ದೆವು. ಸುಮಾರು 45 ಕಿ.ಮೀ. ವರ್ಷಕ್ಕೊಮ್ಮೆ ಪಿರಿಯಾಪಟ್ಟಣವನ್ನೂ ದಾಟಿ ಬೈಲಕುಪ್ಪೆಯವರೆಗೆ. ಎರಡು ವರ್ಷದ ಹಿಂದೆ ಅವನು ತೀರಿಕೊಂಡ. ಅಂದಿನಿಂದ ನಾನೊಬ್ಬನೇ.

*ಒಂಟಿ ಪಯಣದ ಲಾಭ*

ವೇಗ ನನ್ನದು, ನಿಲ್ಲುವ ಮರದ ನೆರಳು ನನ್ನದು. ಯಾರನ್ನೂ ಮೆಚ್ಚಿಸಬೇಕಿಲ್ಲ, ಯಾರನ್ನೂ ಹಿಂದೆ ಹಾಕಬೇಕಿಲ್ಲ. ಕಣ್ಣು ಕಿವಿ ರಸ್ತೆಯ ಮೇಲೆ, ಕಾಲು ಪೆಡಲಿನ ಮೇಲೆ. ಹೆದ್ದಾರಿಯಲ್ಲಿ ಸ್ಮೃತಿ ಎಂದರೆ ಇಷ್ಟೇ.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು. ಒಬ್ಬನೇ ಇದ್ದಾಗ ಅಡಗಿಕೊಳ್ಳಲು ಮಾತಿನ ಮರೆ ಇರುವುದಿಲ್ಲ. ಗೆಳೆಯ ಹೋದಾಗ ಮನೆಯಲ್ಲಿ ಬರದ ಅಳು, ತಿಂಗಳಾದ ಮೇಲೆ ಬಿಳಿಕೆರೆ ದಾಟಿದಾಗ ಬಂತು. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಕ್ರಿಕೆಟ್ಟೋ ಪಿಂಚಣಿಯೋ ಮಾತಾಡಿ ನುಂಗಿಬಿಡುತ್ತಿದ್ದೆ. ದುಃಖ ಬಂತು, ಸ್ವಲ್ಪ ದೂರ ಜೊತೆಯಲ್ಲಿ ಬಂತು, ಹೋಯಿತು. ಅನಿತ್ಯದ ಬಗ್ಗೆ ಎಷ್ಟೋ ಪುಸ್ತಕ ಓದಿದ್ದೇನೆ. ಅಂದು ಅದನ್ನು ಎದೆಯಲ್ಲಿ ಕಂಡೆ.

*ಒಂಟಿ ಪಯಣದ ನಷ್ಟ*

ಎದುರುಗಾಳಿ ಬಂದಾಗ ಇಬ್ಬರಿದ್ದರೆ ಸರದಿಯ ಮೇಲೆ ಮುಂದೆ ಹೋಗಬಹುದು. ಹಿಂದಿರುವವನಿಗೆ ಶ್ರಮ ಎಷ್ಟೋ ಕಡಿಮೆ. ಒಬ್ಬನೇ ಇದ್ದರೆ ಗಾಳಿಯೆಲ್ಲ ಅವನ ಎದೆಗೇ. ಪಂಕ್ಚರ್ ಆದರೂ ಅವನೇ, ಬಿದ್ದರೂ ಅವನೇ.

ನನಗೆ ಸಕ್ಕರೆ ಕಾಯಿಲೆಯೂ ಇದೆ. ಔಷಧಿ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ತೀರಾ ಇಳಿದರೆ ಕೈ ನಡುಗುತ್ತದೆ, ಬೆವರುತ್ತದೆ, ಜೊತೆಗೆ ಬುದ್ಧಿಯೂ ಮಂಕಾಗುತ್ತದೆ. "ಈಗ ನಿಲ್ಲು, ಬೆಲ್ಲ ತಿನ್ನು" ಎಂದು ಹೇಳಬೇಕಾದದ್ದು ಅದೇ ಬುದ್ಧಿ! ಪಕ್ಕದಲ್ಲಿದ್ದ ಗೆಳೆಯನಿಗೆ ನನ್ನ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನ್ನ ಮುಖ ನನಗೆ ಕಾಣುವುದಿಲ್ಲ.

ಬಂಧುಗಳೇ, ಕ್ಲೇಶಗಳ ವಿಷಯವೂ ಹೀಗೆಯೇ. ಕೋಪ ಬಂದಾಗ ಮೊದಲು ಮಂಕಾಗುವುದು ಕೋಪವನ್ನು ಗುರುತಿಸಬೇಕಾದ ಮನಸ್ಸೇ. ನಮ್ಮ ಮನೆಯಲ್ಲಿ ಜಮೀನಿನ ಪಾಲಿನ ಮಾತು ನಡೆಯುತ್ತಿದೆ. ಒಂದು ಭಾನುವಾರ ನನ್ನ ತಲೆಯೊಳಗೆ ಹುಣಸೂರಿನವರೆಗೂ ಕೋರ್ಟು ನಡೆಯಿತು. ವಕೀಲನೂ ನಾನೇ, ಸಾಕ್ಷಿಯೂ ನಾನೇ, ನ್ಯಾಯಾಧೀಶನೂ ನಾನೇ. ತೀರ್ಪು ಯಾರ ಕಡೆಗೆ ಬಂತೆಂದು ಬೇರೆ ಹೇಳಬೇಕೆ? "ಸಾಕು ಮಾರಾಯ, ಅವನು ನಿನ್ನ ತಮ್ಮ" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಉದಾನದಲ್ಲಿ ಬರುವ ಮೇಘಿಯ ಭಿಕ್ಷುವಿನ ಕಥೆ ನೆನಪಿಸಿಕೊಳ್ಳಿ. ಹೊಳೆಯ ದಡದ ಮಾವಿನ ತೋಪನ್ನು ಕಂಡು, ಅಲ್ಲಿ ಒಬ್ಬನೇ ಸಾಧನೆ ಮಾಡುತ್ತೇನೆಂದು ಅವನು ಕೇಳಿದ. ಇನ್ನೊಬ್ಬ ಭಿಕ್ಷು ಬರುವವರೆಗೆ ತಾಳು ಎಂದರು ಭಗವಾನರು. ಮೂರನೆಯ ಸಲವೂ ಕೇಳಿ ಹೊರಟ. ತೋಪು ಸುಂದರವಾಗಿತ್ತು. ಆದರೆ ಕಾಮ, ದ್ವೇಷ, ಹಿಂಸೆಯ ಯೋಚನೆಗಳು ಅವನನ್ನು ಮುತ್ತಿದವು. ಹಿಂದಿರುಗಿದಾಗ ಭಗವಾನರು ಮನಸ್ಸು ಪಕ್ವವಾಗಲು ಬೇಕಾದ ಐದು ಸಂಗತಿ ಹೇಳಿದರು. ಅವುಗಳಲ್ಲಿ ಮೊದಲನೆಯದು ಕಲ್ಯಾಣಮಿತ್ರ.

ಹಾಗಾದರೆ ಒಂಟಿಯಾಗಿರುವುದು ತಪ್ಪೇ? ಅಲ್ಲ. ಸಂಯುತ್ತ ನಿಕಾಯದಲ್ಲಿ ಮಿಗಜಾಲ ಭಿಕ್ಷು, ಏಕಾಂತವಾಸಿ ಎಂದರೆ ಯಾರು ಎಂದು ಕೇಳುತ್ತಾನೆ. ಭಗವಾನರ ಉತ್ತರದ ಸಾರ ಇದು: ತೃಷ್ಣೆಯೇ ಆ ಎರಡನೆಯವನು. ಅದು ಜೊತೆಗಿದ್ದರೆ ದಟ್ಟ ಕಾಡಿನಲ್ಲಿದ್ದರೂ ನೀನು ಒಂಟಿಯಲ್ಲ. ಅದು ಇಳಿದುಹೋಗಿದ್ದರೆ ಜನಜಂಗುಳಿಯ ನಡುವೆಯೂ ಏಕಾಂತವಾಸಿ. ಅಂದು ನನ್ನ ಕ್ಯಾರಿಯರ್ ಮೇಲೆ "ನನ್ನದು, ನನಗೆ ಬರಬೇಕು" ಎನ್ನುವ ಎರಡನೆಯವನು ಹುಣಸೂರಿನವರೆಗೂ ಕೂತಿದ್ದ. ಅವನಷ್ಟು ಭಾರ ಯಾವ ಗೆಳೆಯನೂ ಇಲ್ಲ.

ಸುತ್ತನಿಪಾತದ ಖಗ್ಗವಿಸಾಣ ಸುತ್ತವನ್ನು ನಾವೆಲ್ಲ ಒಂಟಿ ನಡಿಗೆಯ ಹಾಡೆಂದೇ ತಿಳಿದಿದ್ದೇವೆ. ಅದರ 41 ಗಾಥೆಗಳಲ್ಲಿ ಒಂದರಲ್ಲಿ ಮಾತ್ರ ಆ ಪಲ್ಲವಿ ಇಲ್ಲ. ವಿವೇಕಿಯಾದ, ಸನ್ನಡತೆಯ ಸಂಗಾತಿ ಸಿಕ್ಕರೆ ಸಂತೋಷದಿಂದ, ಎಚ್ಚರದಿಂದ ಅವನೊಡನೆ ಹೋಗು ಎನ್ನುವ ಗಾಥೆ ಅದು. ಅಂಥವನು ಸಿಗದಿದ್ದಾಗ ಒಂಟಿಯಾಗಿ ನಡೆ ಎಂದು ಮುಂದಿನದು ಹೇಳುತ್ತದೆ.

ಎರಡನ್ನೂ ಕೂಡಿಸಿ ಬಾಳಿದವರು ಅನುರುದ್ಧ, ನಂದಿಯ, ಕಿಂಬಿಲ. ಸಾಲವನದಲ್ಲಿ ಅವರ ಹಗಲು ಮೌನದ್ದು. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಸಿ ನೀರಿಡುವನು, ಕೊನೆಗೆ ಬಂದವನು ಎಲ್ಲ ತೊಳೆದಿಡುವನು. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧಮ್ಮಚರ್ಚೆ. ಏಕಾಂತಕ್ಕೂ ಸಂಗಕ್ಕೂ ಅವರಲ್ಲಿ ಜಗಳವಿರಲಿಲ್ಲ.

ನಾನು ಮಾಡಿಕೊಂಡ ಏರ್ಪಾಡು ಇಷ್ಟೇ. ತಿಂಗಳಿನ ಮೊದಲ ಭಾನುವಾರ ನಮ್ಮ ಬಳಗದ ಇಬ್ಬರೊಡನೆ ಸವಾರಿ. ನಡುವೆ ಟೀ ಕುಡಿಯುವಾಗ ಮನಸ್ಸಿನ ಲೆಕ್ಕ ಒಪ್ಪಿಸುವುದು. ಉಳಿದ ಭಾನುವಾರ ಒಂಟಿ. ಜೇಬಿನಲ್ಲಿ ಬೆಲ್ಲ, ಮನೆಯಲ್ಲಿ ದಾರಿ ಮತ್ತು ಹೊತ್ತು ಹೇಳಿ ಹೊರಡುವುದು. ಪಾಲಿನ ವಿಷಯಕ್ಕೆ ತಮ್ಮನಿಗೆ ಫೋನ್ ಮಾಡಿದ್ದೇನೆ. ಬರುವ ವಾರ ವಕೀಲರಿಲ್ಲದೆ ಕೂತು ಮಾತಾಡುತ್ತೇವೆ.

*ಇಂದಿನ ಅಭ್ಯಾಸ:* ಇವತ್ತು ಒಬ್ಬರೇ ಇರುವ ಹತ್ತು ನಿಮಿಷ ಸಿಕ್ಕಾಗ ಮೊಬೈಲ್ ಪಕ್ಕಕ್ಕಿಟ್ಟು ಕೇಳಿಕೊಳ್ಳಿ: ಈಗ ನನ್ನ ಹಿಂದೆ ಕೂತಿರುವವರು ಯಾರು? ಹೆಸರು ಗೊತ್ತಾದರೆ, ಸಂಜೆಯೊಳಗೆ ಒಬ್ಬ ಕಲ್ಯಾಣಮಿತ್ರರಿಗೆ ಹೇಳಿ.

ಎಲ್ಲ ಜೀವಿಗಳಿಗೂ ಒಳಿತಾಗಲಿ.
ಸಾಧು, ಸಾಧು, ಸಾಧು 🙏